ದೀಪದಲ್ಲಿ ಎಣ್ಣೆಯ ಪಾಲೆಷ್ಟು, ಬತ್ತಿಯ ಪಾಲೆಷ್ಟು?

(ಹಿರಿಯರ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಹೇಳಿದ್ದನ್ನೇ ಮತ್ತೆ ಹೇಳಿದ ಕಡೆ ಕತ್ತರಿ ಆಡಿಸಿದ್ದೇನೆ. ಕೊನೆಯ ಪ್ರಶ್ನೋತ್ತರದಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ನಮ್ಮಲ್ಲಿ ಎರಡು ಮಾತುಗಳಿವೆ. ಒಂದು, ಹುಟ್ಟುಗುಣ ಸುಟ್ಟರೂ ಹೋಗದು. ಇನ್ನೊಂದು, ಸಹವಾಸ ದೋಷದಿಂದ ಸನ್ಯಾಸಿ ಕೆಟ್ಟ. ಒಂದಕ್ಕೊಂದು ಎಣ್ಣೆ ಸೀಗೆಕಾಯಿ ಸಂಬಂಧ. ಆದರೂ ಎರಡನ್ನೂ ಒಂದೇ ಬಾಯಲ್ಲಿ, ಕೆಲವೊಮ್ಮೆ ಒಬ್ಬನೇ ಮನುಷ್ಯನ ಬಗ್ಗೆ, ಸಲೀಸಾಗಿ ಹೇಳಿಬಿಡುತ್ತೇವೆ. ಅಪ್ಪನಿಗಿದ್ದ ಸಕ್ಕರೆ ಕಾಯಿಲೆ ಮಗನಿಗೂ ಬಂದರೆ ‘ರಕ್ತದಲ್ಲೇ ಇತ್ತು’. ಬಾರದಿದ್ದರೆ ‘ಹಳ್ಳಿ ಗಾಳಿ ಕುಡಿದು ಬೆಳೆದ ಜೀವ, ಅದಕ್ಕೇ ಗಟ್ಟಿ’. ನನಗೆ ಇವತ್ತು ಕೊಟ್ಟಿರುವ ವಿಷಯ ಈ ಎರಡು ಮಾತುಗಳ ನಡುವೆ ಇದೆ: ಮುಪ್ಪಿನ ಆರೋಗ್ಯವನ್ನು ಜೀನುಗಳು ಎಷ್ಟು ನಿರ್ಧರಿಸುತ್ತವೆ, ನಾವಿರುವ ಹಳ್ಳಿಯೋ ಪಟ್ಟಣವೋ ಎಷ್ಟು ನಿರ್ಧರಿಸುತ್ತದೆ.

‘ಎಷ್ಟು’ ಎಂಬ ಪದದಿಂದಲೇ ಶುರು ಮಾಡುತ್ತೇನೆ, ಎಡವಟ್ಟು ಅಲ್ಲೇ ಇರುವುದು. ದೀಪ ಉರಿಯುತ್ತಿದೆ. ಬೆಳಕಿನಲ್ಲಿ ಎಣ್ಣೆಯ ಪಾಲೆಷ್ಟು, ಬತ್ತಿಯ ಪಾಲೆಷ್ಟು? ಯಾರೂ ಉತ್ತರ ಹೇಳಲಾರರು. ಎರಡರಲ್ಲಿ ಒಂದಿಲ್ಲದಿದ್ದರೆ ಬೆಳಕೇ ಇಲ್ಲ. ಆದರೆ ನೂರು ದೀಪ ಸಾಲಾಗಿ ಹಚ್ಚಿಟ್ಟು, ಒಂದು ದೀಪಕ್ಕೂ ಇನ್ನೊಂದಕ್ಕೂ ಬೆಳಕಿನಲ್ಲಿ ಯಾಕೆ ವ್ಯತ್ಯಾಸ ಎಂದು ಕೇಳಿದರೆ ಅದಕ್ಕೆ ಉತ್ತರವುಂಟು. ಎಲ್ಲದಕ್ಕೂ ಒಂದೇ ಎಣ್ಣೆ ಹೊಯ್ದಿದ್ದರೆ ವ್ಯತ್ಯಾಸವೆಲ್ಲ ಬತ್ತಿಯದು. ಬತ್ತಿಗಳೆಲ್ಲ ಒಂದೇ ನಮೂನೆಯಾಗಿದ್ದರೆ ಎಣ್ಣೆಯದು. ವಿಜ್ಞಾನಿಗಳು ‘ಇದರಲ್ಲಿ ವಂಶದ ಪಾಲು ಶೇಕಡಾ ಇಂತಿಷ್ಟು’ ಎಂದಾಗ ಹೇಳುತ್ತಿರುವುದು ಈ ಎರಡನೆಯ ಲೆಕ್ಕವನ್ನು. ಒಂದು ಗುಂಪಿನೊಳಗಿನ ವ್ಯತ್ಯಾಸದ ಲೆಕ್ಕ ಅದು. ಪತ್ರಿಕೆಯಲ್ಲಿ ಅಚ್ಚಾಗುವ ಹೊತ್ತಿಗೆ ಅದು ಒಬ್ಬೊಬ್ಬರ ಹಣೆಬರಹದ ಲೆಕ್ಕವಾಗಿಬಿಟ್ಟಿರುತ್ತದೆ.

ಡೆನ್ಮಾರ್ಕಿನಲ್ಲಿ 1870ರಿಂದ 1900ರ ನಡುವೆ ಹುಟ್ಟಿದ 2,872 ಅವಳಿ ಜೋಡಿಗಳ ಆಯುಸ್ಸನ್ನು ಲೆಕ್ಕ ಹಾಕಿ 1996ರಲ್ಲಿ ಪ್ರಕಟಿಸಿದರು. ಆಯುಸ್ಸಿನ ವ್ಯತ್ಯಾಸದಲ್ಲಿ ವಂಶದ ಪಾಲು ಸುಮಾರು ಕಾಲು ಭಾಗ ಎಂದು ಬಂತು. 2018ರಲ್ಲಿ ಕೋಟ್ಯಂತರ ಜನರ ವಂಶವೃಕ್ಷಗಳನ್ನು ಜಾಲಾಡಿದ ಇನ್ನೊಂದು ಅಧ್ಯಯನ, ಗಂಡ ಹೆಂಡತಿ ತಮ್ಮಂಥವರನ್ನೇ ಆರಿಸಿಕೊಳ್ಳುತ್ತಾರೆಂಬುದನ್ನು ಲೆಕ್ಕದಿಂದ ತೆಗೆದು, ಅದು ಶೇಕಡಾ 10ಕ್ಕಿಂತಲೂ ಕಡಿಮೆ ಎಂದಿತು. ಎರಡೂ ಸುಳ್ಳಲ್ಲ. ದೀಪಗಳ ಸಾಲು ಬೇರೆ, ಎಣಿಸಿದ ಬಗೆಯೂ ಬೇರೆ. ಉತ್ತರ ಯುರೋಪಿನ ಅವಳಿಗಳ ಲೆಕ್ಕದಿಂದ ತಿಳಿದ ಇನ್ನೊಂದು ಸಂಗತಿ ಈ ಸಭೆಗೆ ಹೆಚ್ಚು ಹತ್ತಿರದ್ದು: 60ರವರೆಗೆ ಆಯುಸ್ಸಿನ ಮೇಲೆ ಜೀನುಗಳ ಕೈವಾಡ ಕಾಣುವುದೇ ಕಡಿಮೆ, ಅಲ್ಲಿಂದಾಚೆಗೆ ಅದು ಏರುತ್ತಾ ಹೋಗುತ್ತದೆ. ಜೀನನ್ನು ಬತ್ತಿ, ಪರಿಸರವನ್ನು ಎಣ್ಣೆ ಎಂದುಕೊಂಡರೆ, ತೊಂಬತ್ತು ದಾಟುವುದಕ್ಕೆ ಒಳ್ಳೆಯ ಬತ್ತಿ ಬೇಕಾದೀತು. ಎಪ್ಪತ್ತೈದನ್ನು ನೆಟ್ಟಗೆ ಮುಟ್ಟುವುದಕ್ಕೆ ಹೆಚ್ಚಿನ ಜನರಿಗೆ ಎಣ್ಣೆ ಸರಿಯಿದ್ದರೆ ಸಾಕು.

ಇನ್ನು ಹಳ್ಳಿ ಪಟ್ಟಣಕ್ಕೆ ಬರೋಣ. ಹಳ್ಳಿಯವರನ್ನೂ ಪಟ್ಟಣದವರನ್ನೂ ಸುಮ್ಮನೆ ಅಕ್ಕಪಕ್ಕ ನಿಲ್ಲಿಸಿ ಹೋಲಿಸಿದರೆ ಪ್ರಯೋಜನವಿಲ್ಲ. ಗಟ್ಟಿಮುಟ್ಟಾದವರು ಊರು ಬಿಟ್ಟು ಹೋಗಿರಬಹುದು. ಕಾಯಿಲೆ ಬಿದ್ದವರು ಕೊನೆಗಾಲಕ್ಕೆ ಊರಿಗೆ ಮರಳಿರಬಹುದು. ಹೀಗಾದಾಗ ಪಟ್ಟಣದ ಲೆಕ್ಕ ಚೆನ್ನಾಗಿ ಕಾಣುತ್ತದೆ, ಹಳ್ಳಿಯದು ಹದಗೆಡುತ್ತದೆ. ಗಾಳಿಗೂ ನೀರಿಗೂ ಇದರಲ್ಲಿ ಏನೂ ಸಂಬಂಧವಿಲ್ಲ.

ಈ ತೊಡಕನ್ನು ಬಿಡಿಸುವ ಜಾಣ ದಾರಿಯೊಂದು ಭಾರತದಲ್ಲೇ ಸಿಕ್ಕಿತು. ಲಖನೌ, ನಾಗಪುರ, ಹೈದರಾಬಾದ್, ಬೆಂಗಳೂರುಗಳ ಕಾರ್ಖಾನೆಗಳಲ್ಲಿ ದುಡಿಯಲು ಹಳ್ಳಿಯಿಂದ ಬಂದವರನ್ನು ಹುಡುಕಿ, ಹಳ್ಳಿಯಲ್ಲೇ ಉಳಿದ ಅವರ ಒಡಹುಟ್ಟಿದವರನ್ನೂ ಕರೆಸಿ ಪರೀಕ್ಷೆ ಮಾಡಿದರು. 2010ರಲ್ಲಿ ಫಲಿತಾಂಶ ಪ್ರಕಟವಾಯಿತು. ಒಂದೇ ತಾಯಿಯ ಮಕ್ಕಳು. ಜೀನುಗಳಲ್ಲಿ ಸರಾಸರಿ ಅರ್ಧದಷ್ಟು ಒಂದೇ, ಬಾಲ್ಯವೂ ಒಂದೇ ಅಂಗಳದ್ದು. ಒಬ್ಬ ಬಸ್ಸು ಹತ್ತಿದ, ಇನ್ನೊಬ್ಬ ಹತ್ತಲಿಲ್ಲ. ಹಳ್ಳಿಯಲ್ಲುಳಿದ ಗಂಡಸರಲ್ಲಿ ಸಕ್ಕರೆ ಕಾಯಿಲೆ ಶೇಕಡಾ 6.2. ವಲಸೆ ಬಂದವರಲ್ಲಿ ಶೇಕಡಾ 14.3. ಪಟ್ಟಣದಲ್ಲೇ ಹುಟ್ಟಿ ಬೆಳೆದವರಲ್ಲಿ ಶೇಕಡಾ 13.5. ಬೊಜ್ಜಿನ ಕಥೆಯೂ ಇದೇ: ಹಳ್ಳಿಯಲ್ಲಿ ಶೇಕಡಾ 19, ವಲಸಿಗರಲ್ಲಿ ಸುಮಾರು 38, ಪಟ್ಟಣಿಗರಲ್ಲಿ ಸುಮಾರು 42. ಬಸ್ಸು ಹತ್ತಿದವನ ದೇಹ ಪಟ್ಟಣದ ದೇಹವಾಯಿತು, ಅದೂ ಒಂದೇ ತಲೆಮಾರಿನಲ್ಲಿ. ಜೀನು ಬದಲಾಗಲು ಅಷ್ಟರಲ್ಲಿ ಪುರುಸೊತ್ತೆಲ್ಲಿತ್ತು?

ಇಂಥದೇ ಹೋಲಿಕೆ ಅಮೆರಿಕ ಮತ್ತು ಮೆಕ್ಸಿಕೊ ನಡುವೆ ನಡೆಯಿತು. ಪಿಮಾ ಎಂಬ ಮೂಲನಿವಾಸಿಗಳು ಗಡಿಯ ಎರಡೂ ಕಡೆ ಇದ್ದಾರೆ. ಅರಿಜೋನಾದ ಪಿಮಾಗಳಲ್ಲಿ ಸಕ್ಕರೆ ಕಾಯಿಲೆ ಶೇಕಡಾ 38, ಮೆಕ್ಸಿಕೊದ ಗುಡ್ಡಗಾಡಿನ ಪಿಮಾಗಳಲ್ಲಿ ಶೇಕಡಾ 6.9. ಪಿಮಾಗಳದ್ದು ಸಕ್ಕರೆ ಕಾಯಿಲೆಯ ಜೀನು ಎಂದು ದಶಕಗಟ್ಟಲೆ ಹೇಳಿಕೊಂಡು ಬಂದವರಿಗೆ ಈ ಅಂಕಿ ಗಂಟಲಿಗೆ ಸಿಕ್ಕ ಮುಳ್ಳಾಯಿತು. ಜೀನು ಇಲ್ಲವೆಂದಲ್ಲ. ಬೆಟ್ಟ ಹತ್ತಿ ಇಳಿದು ಮೈಮುರಿದು ದುಡಿಯುವ ಬದುಕಿನಲ್ಲಿ ಅದು ಬಾಯಿ ತೆರೆಯುವುದಿಲ್ಲ, ಅಷ್ಟೆ.

ಜೀನು ಬಾಯಿ ಮುಚ್ಚಿಕೊಂಡು ಕೂರಬಲ್ಲದು ಎಂಬುದಕ್ಕೆ ನನಗೆ ಬಹಳ ಇಷ್ಟವಾದ ಪುರಾವೆ ಎಫ್‌ಟಿಒ ಜೀನಿನದು. ಬೊಜ್ಜಿಗೂ ಇದಕ್ಕೂ ನಂಟಿದೆಯೆಂದು 2007ರಲ್ಲಿ ಗೊತ್ತಾಯಿತು. ಇದರ ಒಂದು ನಮೂನೆಯನ್ನು ತಾಯಿ ತಂದೆ ಇಬ್ಬರಿಂದಲೂ ಪಡೆದವರು, ಪಡೆಯದವರಿಗಿಂತ ಸರಾಸರಿ ಮೂರು ಕಿಲೊ ತೂಕ ಜಾಸ್ತಿ. ಆಮೇಲೆ ಯಾರೋ ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಊರಿನ ಹಳೆಯ ದಾಖಲೆಗಳನ್ನು ಹುಟ್ಟಿದ ವರ್ಷದ ಪ್ರಕಾರ ಬಿಡಿಸಿ ನೋಡಿದರು. 1942ಕ್ಕಿಂತ ಮುಂಚೆ ಹುಟ್ಟಿದವರಲ್ಲಿ ಆ ಜೀನಿಗೂ ತೂಕಕ್ಕೂ ನಂಟೇ ಕಾಣಲಿಲ್ಲ. ನಂತರ ಹುಟ್ಟಿದವರಲ್ಲಿ ಎದ್ದು ಕಂಡಿತು. ಅದೇ ಊರು, ಅದೇ ಮನೆತನಗಳು, ಅದೇ ಜೀನು. ಕಾರು, ಯಂತ್ರ, ಡಬ್ಬಿ ತಿನಿಸು ಎಲ್ಲ ಬಂದ ಮೇಲೆ ಜೀನಿಗೆ ಮಾತು ಬಂತು. ಎರಡು ಲಕ್ಷಕ್ಕೂ ಮಿಕ್ಕಿದ ಜನರ ಮಾಹಿತಿ ಒಟ್ಟುಗೂಡಿಸಿದ 2011ರ ಅಧ್ಯಯನವೊಂದು, ಮೈ ದಣಿಸುವವರಲ್ಲಿ ಇದರ ಪ್ರಭಾವ ಕಾಲು ಭಾಗಕ್ಕಿಂತ ತುಸು ಹೆಚ್ಚೇ ತಗ್ಗುತ್ತದೆ ಎಂದಿತು.

ಇಷ್ಟು ಕೇಳಿದ ಮೇಲೆ ನಿಮ್ಮಲ್ಲಿ ಕೆಲವರು ತಲೆದೂಗುತ್ತಿದ್ದೀರಿ. ಹಳ್ಳಿಯೇ ಒಳ್ಳೆಯದು ಎಂದು ನಾನು ಹೇಳಲು ಹೊರಟಿದ್ದೇನೆ ಅಂದುಕೊಂಡಿದ್ದರೆ, ಸ್ವಲ್ಪ ತಾಳಿ.

ಪಾರ್ಕಿನ್ಸನ್ಸ್ ಕಾಯಿಲೆ ನಿಮಗೆ ಗೊತ್ತು. ಕೈ ನಡುಕ, ನಡಿಗೆ ಬಿಗಿತ. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಳ್ಳ ತಯಾರಿಕೆಯ ಮಾದಕದ್ರವ್ಯ ಚುಚ್ಚಿಕೊಂಡ ಕೆಲವು ಯುವಕರು ರಾತ್ರೋರಾತ್ರಿ ಎಂಬಂತೆ ಮರಗಟ್ಟಿ ಕೂತರು. ನೋಡಲು ಅಪ್ಪಟ ಪಾರ್ಕಿನ್ಸನ್ಸ್ ಮುದುಕರು. ಅದರಲ್ಲಿ ಬೆರೆತಿದ್ದ ಎಂಪಿಟಿಪಿ ಎಂಬ ರಾಸಾಯನಿಕ ಮಿದುಳಿನಲ್ಲಿ ಮಾರ್ಪಟ್ಟು ಆಗುವ ವಿಷಕ್ಕೂ, ಹೊಲಕ್ಕೆ ಹೊಡೆಯುವ ಪ್ಯಾರಾಕ್ವಾಟ್ ಎಂಬ ಕಳೆನಾಶಕಕ್ಕೂ ರಚನೆಯಲ್ಲಿ ಅಕ್ಕತಂಗಿಯರ ಹೋಲಿಕೆ. ಆಗ ವಿಜ್ಞಾನಿಗಳ ಕಣ್ಣು ಹೊಲದ ಕಡೆ ತಿರುಗಿತು. ಅಮೆರಿಕದ ರೈತರಲ್ಲಿ ನಡೆದ, 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪ್ಯಾರಾಕ್ವಾಟ್ ಅಥವಾ ರೊಟೆನೋನ್ ಎಂಬ ಕೀಟನಾಶಕ ಬಳಸಿದವರಿಗೆ ಪಾರ್ಕಿನ್ಸನ್ಸ್ ಅಪಾಯ ಸುಮಾರು ಎರಡೂವರೆ ಪಟ್ಟು ಎಂದು ಬಂತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ದೇಹಕ್ಕೆ ಹೊಕ್ಕ ವಿಷವನ್ನು ಹೊರಹಾಕಲು ನೆರವಾಗುವ ಜಿಎಸ್‌ಟಿಟಿ1 ಎಂಬ ಜೀನಿದೆ. ಕೆಲವರಲ್ಲಿ ಅದು ಹುಟ್ಟಿನಿಂದಲೇ ಇರುವುದಿಲ್ಲ. ಇಲ್ಲದಿದ್ದರೂ ಬದುಕು ಸಲೀಸಾಗಿಯೇ ನಡೆಯುತ್ತದೆ, ಇಲ್ಲವೆಂಬುದು ಅವರಿಗೆ ಗೊತ್ತೂ ಆಗುವುದಿಲ್ಲ. ಅದೇ ರೈತರನ್ನು ಈ ಜೀನಿನ ಪ್ರಕಾರ ಬೇರ್ಪಡಿಸಿದಾಗ, ಜೀನಿದ್ದು ಪ್ಯಾರಾಕ್ವಾಟ್ ಬಳಸಿದವರಲ್ಲಿ ಅಪಾಯ ಒಂದೂವರೆ ಪಟ್ಟು ಮಾತ್ರ. ಜೀನಿಲ್ಲದೆ ಬಳಸಿದವರಲ್ಲಿ ಹನ್ನೊಂದು ಪಟ್ಟು. ಬೆನ್ನಿಗೆ ಪಂಪು ಕಟ್ಟಿಕೊಂಡು ಒಂದೇ ಸಾಲಿನಲ್ಲಿ ಔಷಧಿ ಹೊಡೆಯುತ್ತಾ ಹೋಗುವ ಇಬ್ಬರನ್ನು ಕಣ್ಣ ಮುಂದೆ ತಂದುಕೊಳ್ಳಿ. ಗಾಳಿ ಒಂದೇ, ಡಬ್ಬಿ ಒಂದೇ, ಮುಖಕ್ಕೆ ಬಡಿಯುವ ಹನಿಯೂ ಒಂದೇ. ಮೂವತ್ತು ವರ್ಷದ ನಂತರ ಒಬ್ಬರ ಲೋಟ ಮಾತ್ರ ಕೈಯಲ್ಲಿ ನಡುಗುತ್ತದೆ. ಇಲ್ಲಿ ಜೀನಿನ ಪಾಲೆಷ್ಟು, ಹೊಲದ ಪಾಲೆಷ್ಟು ಎಂದು ಕೇಳಿದರೆ ಎಣ್ಣೆ ಬತ್ತಿಯ ಪ್ರಶ್ನೆಗೇ ವಾಪಸು ಬಂದ ಹಾಗಾಯಿತು.

ಹೊಗೆಯದೂ ಹೀಗೆಯೇ. 1963ರಲ್ಲಿ ಸ್ವೀಡನ್ನಿನಲ್ಲಿ ಲಾರೆಲ್ ಮತ್ತು ಎರಿಕ್ಸನ್ ಎಂಬಿಬ್ಬರು ಕಂಡುಹಿಡಿದ ಆಲ್ಫಾ-1 ಆಂಟಿಟ್ರಿಪ್ಸಿನ್ ಕೊರತೆ, ಅಂದರೆ ಶ್ವಾಸಕೋಶವನ್ನು ಕಾಯುವ ಒಂದು ಪ್ರೋಟೀನಿನ ಕೊರತೆ, ಹುಟ್ಟಿನಿಂದ ಬರುವಂಥದ್ದು. ಅದಿದ್ದು ಸಿಗರೇಟು ಸೇದಿದವರ ಶ್ವಾಸಕೋಶ ನಡುವಯಸ್ಸಿನಲ್ಲೇ ಜರಡಿಯಾಗುತ್ತದೆ. ಹೊಗೆ ಮುಟ್ಟದವರಲ್ಲಿ ಬಹಳ ಜನ ಹೆಚ್ಚುಕಡಿಮೆ ಎಲ್ಲರಂತೆ ಮುದುಕರಾಗುತ್ತಾರೆ. ಹೊಗೆ ಎಂದರೆ ಸಿಗರೇಟಿನದೇ ಆಗಬೇಕಿಲ್ಲ. ಸೌದೆ, ಬೆರಣಿ, ಇದ್ದಿಲಿನ ಒಲೆಗಳ ಮನೆಯೊಳಗಿನ ಹೊಗೆ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಸಾವಿಗೆ ಕಾರಣವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇದರಲ್ಲಿ ದೊಡ್ಡ ಪಾಲು ಹಳ್ಳಿಗಳದು. ‘ಶುದ್ಧ ಹಳ್ಳಿ ಗಾಳಿ’ ಎನ್ನುವಾಗ ಅಡುಗೆಮನೆಯ ಒಳಗೆ ನಿಂತು ಹೇಳುತ್ತಿದ್ದೀರೋ, ಹೊರಗೆ ನಿಂತು ಹೇಳುತ್ತಿದ್ದೀರೋ ನೋಡಿಕೊಳ್ಳಬೇಕು. ಹಾಗೆ ಹೇಳುವವರು ಸಾಮಾನ್ಯವಾಗಿ ಗಂಡಸರು ಎಂಬುದನ್ನೂ ಸುಮ್ಮನೆ ಸೇರಿಸುತ್ತೇನೆ.

ಈಗ ಎಲ್ಲರಿಗೂ ಭಯವಿರುವ ಕಾಯಿಲೆ, ಮರೆಗುಳಿತನ. ಇಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಆಪೊ-ಇ ಎಂಬ ಜೀನಿಗೆ ಮೂರು ಮುಖ್ಯ ನಮೂನೆಗಳಿವೆ, ಅವನ್ನು 2, 3, 4 ಎಂದು ಕರೆಯುತ್ತಾರೆ. 4ನೆಯದಕ್ಕೂ, ಮರೆಗುಳಿತನದ ಮುಖ್ಯ ಬಗೆಯಾದ ಆಲ್ಝೈಮರ್ಸ್‌ಗೂ ನಂಟಿದೆಯೆಂದು 1993ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ತಂಡ ತೋರಿಸಿತು. ಯುರೋಪಿಯನ್ ಮೂಲದವರಲ್ಲಿ ಇದರ ಒಂದು ಪ್ರತಿ ಇದ್ದರೆ ಅಪಾಯ ಸುಮಾರು ಮೂರು ಪಟ್ಟು, ಎರಡು ಪ್ರತಿ ಇದ್ದರೆ ಹತ್ತರ ಆಸುಪಾಸು. ಮುಪ್ಪಿನ ಕಾಯಿಲೆಗಳಲ್ಲಿ ಇಷ್ಟು ಜೋರಾದ ಸಾಮಾನ್ಯ ಜೀನು ಸಿಗುವುದು ಅಪರೂಪ.

ಆದರೆ ಇದೇ ಜೀನನ್ನು ಬೇರೆ ಬೇರೆ ನೆಲದಲ್ಲಿ ನೋಡಿ. ನೈಜೀರಿಯಾದ ಇಬಾದಾನ್‌ನ ಯೊರುಬಾ ಹಿರಿಯರನ್ನೂ, ಅಮೆರಿಕದ ಇಂಡಿಯಾನಾಪೊಲಿಸ್‌ನ ಆಫ್ರಿಕನ್ ಮೂಲದ ಹಿರಿಯರನ್ನೂ ಒಂದೇ ಬಗೆಯ ಪರೀಕ್ಷೆಯಿಂದ ವರ್ಷಗಟ್ಟಲೆ ಹಿಂಬಾಲಿಸಿದರು. ಹೊಸದಾಗಿ ಆಲ್ಝೈಮರ್ಸ್ ಬರುವ ಪ್ರಮಾಣ ಇಂಡಿಯಾನಾಪೊಲಿಸ್‌ನಲ್ಲಿ ವರ್ಷಕ್ಕೆ ಶೇಕಡಾ 2.52, ಇಬಾದಾನ್‌ನಲ್ಲಿ ಶೇಕಡಾ 1.15. 4ನೆಯ ನಮೂನೆ ಯೊರುಬಾಗಳಲ್ಲಿ ಅಪರೂಪವೇನಲ್ಲ. ಇದ್ದೂ ಅದರ ಏಟು ಅಲ್ಲಿ ಮೆತ್ತಗಿತ್ತು. ಅಂದಹಾಗೆ ಇಬಾದಾನ್ ಹಳ್ಳಿಯಲ್ಲ, ದೊಡ್ಡ ಪಟ್ಟಣ. ಬೊಲಿವಿಯಾದ ಕಾಡಂಚಿನ ತ್ಸಿಮಾನೆ ಜನರಲ್ಲಿ ಇನ್ನೂ ವಿಚಿತ್ರ. ಹೊಟ್ಟೆಯಲ್ಲಿ ಹುಳದ ಕಾಟ ಜಾಸ್ತಿಯಿದ್ದವರ ಪೈಕಿ 4ನೆಯ ನಮೂನೆ ಇದ್ದವರ ಬುದ್ಧಿಯೇ ಚುರುಕಾಗಿತ್ತು ಎಂದು 2017ರಲ್ಲಿ ವರದಿಯಾಯಿತು. ಒಂದು ಕಡೆ ಶಾಪವಾದದ್ದು ಇನ್ನೊಂದು ಕಡೆ ರಕ್ಷೆ. ಹುಳು, ಸೋಂಕು ತುಂಬಿದ್ದ ಕಾಲದಲ್ಲಿ ಕೆಲಸಕ್ಕೆ ಬರುತ್ತಿದ್ದ ಜೀನು, ಚೊಕ್ಕಟವಾದ ಕಾಲದಲ್ಲಿ ಮಾಡಲು ಕೆಲಸವಿಲ್ಲದೆ ಮನೆಯವರ ಮೇಲೇ ತಿರುಗಿಬಿದ್ದಿರಬಹುದು ಎಂಬುದು ಒಂದು ಊಹೆ. ನನಗೆ ಅದು ಮನಸ್ಸಿಗೆ ಹಿಡಿಸುತ್ತದೆ. ಹಿಡಿಸಿದ ಮಾತ್ರಕ್ಕೆ ನಿಜವಾಗಬೇಕಿಲ್ಲ.

ಭಾರತದ ಲೆಕ್ಕದಲ್ಲಿ ಒಂದು ಗಂಟು ಇದೆ. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ 65 ದಾಟಿದವರಲ್ಲಿ ಆಲ್ಝೈಮರ್ಸ್ ಹೊಸದಾಗಿ ಬರುವ ಪ್ರಮಾಣ ವರ್ಷಕ್ಕೆ ಸಾವಿರಕ್ಕೆ 4.7 ಎಂದು 2001ರಲ್ಲಿ ಪ್ರಕಟವಾಯಿತು. ಅಮೆರಿಕದ ಪೆನ್ಸಿಲ್ವೇನಿಯಾದ ಹೋಲಿಕೆಯ ಗುಂಪಿನಲ್ಲಿ ಅದು 17.5. ಜಗತ್ತಿನಲ್ಲೇ ಅತಿ ಕಡಿಮೆ ಪ್ರಮಾಣಗಳಲ್ಲಿ ಒಂದು ಎಂದು ಸುದ್ದಿಯಾಯಿತು. 2023ರಲ್ಲಿ ದೇಶವ್ಯಾಪಿ ಸಮೀಕ್ಷೆಯ ಅಂಕಿ ಬಂದಾಗ ಚಿತ್ರ ತಿರುವುಮುರುವು: 60 ದಾಟಿದವರಲ್ಲಿ ಮರೆಗುಳಿತನ ಹಳ್ಳಿಗಳಲ್ಲಿ ಶೇಕಡಾ 8.4, ಪಟ್ಟಣಗಳಲ್ಲಿ 5.3. ಹಳ್ಳಿ ಕಾಯುತ್ತದೋ, ಕೆಡಿಸುತ್ತದೋ?

ಉತ್ತರದ ಒಂದು ಎಳೆ ಪರೀಕ್ಷೆಯ ಕಾಗದದಲ್ಲೇ ಇದೆ. 1975ರಿಂದ ಬಳಕೆಯಲ್ಲಿರುವ ಪ್ರಸಿದ್ಧ ನೆನಪಿನ ಪರೀಕ್ಷೆಯಲ್ಲಿ ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಎನ್ನುತ್ತಾರೆ. ಒಂದು ವಾಕ್ಯ ಬರೆಯಿರಿ ಎನ್ನುತ್ತಾರೆ. ಒಂದರ ಮೇಲೊಂದು ಸೇರಿಕೊಂಡ ಎರಡು ಪಂಚಕೋನಗಳನ್ನು ತೋರಿಸಿ ಇದನ್ನು ನಕಲು ಮಾಡಿ ಎನ್ನುತ್ತಾರೆ. ಜೀವಮಾನದಲ್ಲಿ ಪೆನ್ಸಿಲ್ ಹಿಡಿಯದ ಅಜ್ಜಿಯ ಮುಂದೆ ಆ ಹಾಳೆ ಇಟ್ಟು ನೋಡಿ. ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯುತ್ತಾರೆ, ಒಂದು ಗೆರೆ ಎಳೆದು ಹಾಳೆ ಹರಿದೀತೆಂದು ಹೆದರಿ ನಗುತ್ತಾರೆ. ಸೊನ್ನೆ ಅಂಕ. ಅದೇ ಅಜ್ಜಿ ಮೂರು ತಲೆಮಾರಿನ ನೆಂಟಸ್ತಿಕೆಯನ್ನು, ಯಾರು ಯಾರಿಗೆ ಎಷ್ಟು ಸಾಲ ಉಳಿಸಿಕೊಂಡಿದ್ದಾರೆ ಎಂಬುದರ ಸಮೇತ ಒಪ್ಪಿಸಬಲ್ಲರು. ಬಲ್ಲಭಗಢದ ತಂಡ ಇದನ್ನು ಅರಿತು ಓದುಬರಹ ಬಾರದವರಿಗೆ ಹೊಂದುವಂತೆ ಪರೀಕ್ಷೆಯನ್ನೇ ಹೊಸದಾಗಿ ಹೆಣೆದಿತ್ತು. ಜೊತೆಗೆ, ದಿನನಿತ್ಯದ ಕೆಲಸಗಳಲ್ಲಿ ತೊಡಕು ಕಂಡರೆ ಮಾತ್ರ ಕಾಯಿಲೆ ಎಂದು ಎಣಿಸುವುದು ವಾಡಿಕೆ. ಮನೆಮಂದಿಯೇ ಎಲ್ಲ ಮಾಡಿಕೊಡುವ ಕಡೆ ಆ ತೊಡಕು ಯಾರ ಕಣ್ಣಿಗೂ ಬೀಳದಿರಬಹುದು. ಇನ್ನು, ಮರೆವು ಬಂದವರು ಹಳ್ಳಿಯಲ್ಲಿ ಬೇಗ ತೀರಿಕೊಂಡರೆ ಲೆಕ್ಕಕ್ಕೆ ಸಿಗುವುದೇ ಇಲ್ಲ.

ಇನ್ನೊಂದು ಎಳೆ ಶಾಲೆ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ 2024ರ ಆಯೋಗ ಮರೆಗುಳಿತನಕ್ಕೆ ಬದಲಾಯಿಸಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿ, ಜಗತ್ತಿನ ಪ್ರಕರಣಗಳಲ್ಲಿ ಸುಮಾರು ಶೇಕಡಾ 45ರಷ್ಟು ಇವುಗಳಿಗೆ ಸೇರಿದ್ದು ಎಂದಿತು. ಕಿವಿ ಮಂದವಾಗುವುದು, ಬಿಪಿ, ಒಂಟಿತನ, ಗಾಳಿಯ ಮಾಲಿನ್ಯ ಎಲ್ಲ ಅದರಲ್ಲಿವೆ. ಪಟ್ಟಿಯಲ್ಲಿ ಎಲ್ಲಕ್ಕಿಂತ ಮುಂಚಿನ ವಯಸ್ಸಿಗೆ ಸೇರಿದ್ದು ಬಾಲ್ಯದ ಓದು. ಹಳ್ಳಿಯ ಇಂದಿನ ಎಪ್ಪತ್ತರ ಹರೆಯದವರಿಗೆ ಮರೆವು ತಂದದ್ದು ಇಂದಿನ ಹಳ್ಳಿಯಲ್ಲ, ಅರವತ್ತು ವರ್ಷದ ಹಿಂದೆ ಅಲ್ಲಿ ಇರದಿದ್ದ ಶಾಲೆ ಎಂದರೂ ನಡೆದೀತು.

ಇದು ನನಗೆ ದೊಡ್ಡ ಮಾತು. ವಯಸ್ಸಾದವರ ಪರಿಸರ ಎಂದರೆ ಇವತ್ತಿನ ವಿಳಾಸವಲ್ಲ. 1944ರ ಚಳಿಗಾಲದಲ್ಲಿ ಜರ್ಮನ್ ಸೈನ್ಯ ನೆದರ್ಲೆಂಡ್ಸ್‌ನ ಪಶ್ಚಿಮ ಭಾಗಕ್ಕೆ ಆಹಾರ ಬಾರದಂತೆ ತಡೆಯಿತು. ಆ ಹಸಿವಿನ ತಿಂಗಳುಗಳಲ್ಲಿ ತಾಯಿಯ ಗರ್ಭದಲ್ಲಿ ಮೂಡಿದವರನ್ನು ಅರವತ್ತರ ಹೊಸ್ತಿಲಲ್ಲಿ ಪರೀಕ್ಷಿಸಿದಾಗ, ಐಜಿಎಫ್2 ಎಂಬ ಜೀನಿನ ಮೇಲಿನ ರಾಸಾಯನಿಕ ಗುರುತುಗಳು ಅವರ ಸ್ವಂತ ಅಣ್ಣತಮ್ಮ ಅಕ್ಕತಂಗಿಯರಿಗಿಂತ ಕಡಿಮೆಯಿದ್ದವು. 2008ರಲ್ಲಿ ಇದು ಪ್ರಕಟವಾಯಿತು. ಜೀನಿನ ಅಕ್ಷರಗಳು ಬದಲಾಗಲಿಲ್ಲ, ಅಂಚಿನಲ್ಲಿ ಹಾಕಿದ ಟಿಪ್ಪಣಿ ಬದಲಾಯಿತು. ಹುಟ್ಟುವ ಮುಂಚಿನ ಒಂದು ಚಳಿಗಾಲ ಅರವತ್ತು ವರ್ಷ ಮೈಯಲ್ಲೇ ಕೂತಿತ್ತು.

ಹಳ್ಳಿಯೂ ಹಳೆಯ ಹಳ್ಳಿಯಾಗಿ ಉಳಿದಿಲ್ಲ. 1985ರಿಂದ 2017ರವರೆಗೆ ಜಗತ್ತಿನಲ್ಲಿ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಏರಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹಳ್ಳಿಗಳಿಂದ ಬಂದದ್ದು. ಉಳುವ ಎತ್ತು ಹೋಗಿ ಟ್ರಾಕ್ಟರ್ ಬಂದಿದೆ, ನೀರು ನಲ್ಲಿಯಲ್ಲಿ ಬರುತ್ತದೆ. ಬೇಡ ಎನ್ನಲು ನಾನು ಯಾರು? ಬಿಂದಿಗೆ ಹೊತ್ತವರ ಬೆನ್ನು ಕೇಳಬೇಕು. ಮೈಗೆ ಬೀಳುವ ಲೆಕ್ಕ ಮಾತ್ರ ಬದಲಾಗಿದೆ. ಅಮೆರಿಕದಲ್ಲಿ 1980ರ ದಶಕದ ನಂತರ ಹಳ್ಳಿಯವರ ಸಾವಿನ ಪ್ರಮಾಣ ಪಟ್ಟಣದವರನ್ನು ಮೀರಿ, ಅಂತರ ಬೆಳೆಯುತ್ತಲೇ ಬಂದಿದೆ. ದೂರವೂ ಒಂದು ಕಾಯಿಲೆಯೇ. ಮಿದುಳಿನ ರಕ್ತನಾಳ ಕಟ್ಟಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ, ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವ ಗಡುವು ಸಾಮಾನ್ಯವಾಗಿ ನಾಲ್ಕೂವರೆ ಗಂಟೆ. ಯಾವ ಜೀನು ಇಟ್ಟುಕೊಂಡು ಏನು ಮಾಡುತ್ತೀರಿ, ಆಂಬುಲೆನ್ಸ್ ಬರುವುದಕ್ಕೇ ಮೂರು ಗಂಟೆಯಾದರೆ?

ಹಾಗಾಗಿ ‘ಹಳ್ಳಿ’, ‘ಪಟ್ಟಣ’ ಎಂಬ ಎರಡು ಪದಗಳನ್ನು ನಾನು ನಂಬುವುದು ಬಿಟ್ಟಿದ್ದೇನೆ. ಬಿಡಿಸಿದರೆ ಒಳಗೆ ಹೊಗೆ, ನಡಿಗೆ, ಶಾಲೆ, ಔಷಧಿ ಡಬ್ಬಿ, ಆಸ್ಪತ್ರೆಯ ದಾರಿ, ಮಾತಾಡುವ ಮಂದಿ. ಒಂದೊಂದೂ ಬೇರೆ ಬೇರೆ ಜೀನಿನ ಜೊತೆ ಮಾತಿಗಿಳಿಯುತ್ತದೆ. ಆ ಮಾತುಕತೆಯನ್ನು ಆಲಿಸಲು ಕೋಲಾರದ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು, ಜೊತೆಗೆ ಬೆಂಗಳೂರಿನಲ್ಲಿ ಇನ್ನೊಂದು ಗುಂಪನ್ನು ವರ್ಷಗಟ್ಟಲೆ ಹಿಂಬಾಲಿಸುವ ಕೆಲಸವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಕೈಗೆತ್ತಿಕೊಂಡಿದೆ. ಇದು ಬೇಕೇಬೇಕಿತ್ತು. ಜೀನು ಮತ್ತು ಕಾಯಿಲೆಯ ನಂಟು ಹುಡುಕುವ ಜಾಗತಿಕ ಅಧ್ಯಯನಗಳಲ್ಲಿ ಮುಕ್ಕಾಲಿಗೂ ಹೆಚ್ಚು ಜನ ಯುರೋಪಿಯನ್ ಮೂಲದವರು. ಅವರ ಅಳತೆಗೆ ಹೊಲಿದ ಅಂಗಿ ನಮಗೆ ತೋಳಿನಲ್ಲಿ ಉದ್ದವೋ ಗಿಡ್ಡವೋ ಯಾರಿಗೆ ಗೊತ್ತು?

ಪ್ರಶ್ನೋತ್ತರದಲ್ಲಿ ಮೊದಲು ಬಂದದ್ದು ನಾನು ಕಾಯುತ್ತಿದ್ದ ಪ್ರಶ್ನೆಯೇ: ಆಪೊ-ಇ ಪರೀಕ್ಷೆ ಮಾಡಿಸಿಕೊಳ್ಳಲೇ? ನಾನು ಜೇಮ್ಸ್ ವಾಟ್ಸನ್ ಕಥೆ ಹೇಳಿದೆ. ಡಿಎನ್ಎ ರಚನೆ ಬಿಡಿಸಿದ ಇಬ್ಬರಲ್ಲಿ ಒಬ್ಬ. 2007ರಲ್ಲಿ ಅವನ ಪೂರ್ತಿ ಜೀನೋಮ್, ಅಂದರೆ ಜೀನುಗಳ ಇಡೀ ಗ್ರಂಥವನ್ನು, ಓದಿ ಕೈಗಿಟ್ಟರು. ಎಲ್ಲವನ್ನೂ ಜಗತ್ತಿಗೆ ತೆರೆದಿಡಿ, ಆಪೊ-ಇ ಒಂದನ್ನು ಮಾತ್ರ ನನಗೂ ಹೇಳಬೇಡಿ ಎಂದ. ಅವನ ಅಜ್ಜಿಗೆ ಆಲ್ಝೈಮರ್ಸ್ ಇತ್ತು. ಮುಚ್ಚಿಟ್ಟರೂ, ಪಕ್ಕದ ಜೀನು ಗುರುತುಗಳಿಂದ ಅದನ್ನು ಊಹಿಸಬಹುದೆಂದು ಬೇರೆ ವಿಜ್ಞಾನಿಗಳು ತೋರಿಸಿದಾಗ ಆಸುಪಾಸಿನ ಭಾಗವನ್ನೂ ಅಳಿಸಬೇಕಾಯಿತು. ಗೊತ್ತಾದ ಮೇಲೆ ನೀವು ನಾಳೆ ಬೆಳಗ್ಗೆ ಏನನ್ನು ಬೇರೆ ರೀತಿ ಮಾಡುತ್ತೀರಿ ಎಂದು ಕೇಳಿದೆ. ಅವರು ಯೋಚಿಸಿ, ‘ವಾಕಿಂಗ್ ಹೋಗ್ತೀನಿ’ ಎಂದರು. ಅದಕ್ಕೆ ಪರೀಕ್ಷೆ ಯಾಕೆ ಬೇಕು?

ಕೊನೆಯ ಸಾಲಿನಿಂದ ಹಿರಿಯರೊಬ್ಬರು ಎದ್ದರು. ಕೈ ಊರದೆ ಕುರ್ಚಿಯಿಂದ ಎದ್ದದ್ದನ್ನು ನಾನು ಗಮನಿಸಿದೆ, ವೃತ್ತಿಯ ಚಾಳಿ. ಮಗ ಪಟ್ಟಣಕ್ಕೆ ಬಂದುಬಿಡು ಅನ್ನುತ್ತಿದ್ದಾನೆ, ಹೋಗಲೋ ಬೇಡವೋ?

‘ಅಲ್ಲಿ ಆಸ್ಪತ್ರೆ ಎಷ್ಟು ದೂರ?’

‘ಹತ್ತು ನಿಮಿಷ.’

‘ಇಲ್ಲಿ?’

‘ಒಂದೂವರೆ ಗಂಟೆ, ಬಸ್ಸು ಸಿಕ್ಕರೆ.’

‘ಇಲ್ಲಿ ದಿನಕ್ಕೆ ಎಷ್ಟು ಜನರ ಜೊತೆ ಮಾತಾಡುತ್ತೀರಿ?’

ಬೆರಳು ಎಣಿಸಲು ಶುರು ಮಾಡಿ ಬಿಟ್ಟುಬಿಟ್ಟರು. ‘ಲೆಕ್ಕ ಇಟ್ಟಿಲ್ಲ.’

‘ಅಲ್ಲಿ?’

‘ಸೊಸೆ ಕೆಲಸಕ್ಕೆ ಹೋಗ್ತಾಳೆ, ಮಗನೂ ಹೋಗ್ತಾನೆ. ಸಂಜೆ ಏಳರ ಮೇಲೆ ಇಬ್ಬರು.’

‘ಮನೆ ಎಷ್ಟನೇ ಮಹಡಿ?’

‘ನಾಲ್ಕು. ಲಿಫ್ಟ್ ಇದೆ.’

‘ಲಿಫ್ಟ್ ಕೆಟ್ಟ ದಿನ?’

ಅವರು ನಕ್ಕು, ‘ಅದನ್ನ ಮಗನ್ನ ಕೇಳ್ತೀನಿ’ ಎಂದು ಕೂತರು.